ದಾರಿಹೋಕರ ತಂಗುದಾಣ: ದಾನದಿಂದ ಹಕ್ಕಿನವರೆಗೆ

ದೊಡ್ಡಬೆಳವಂಗಲದಿಂದ ಬೆಂಗಳೂರಿಗೆ ಹೊರಟ ವೃದ್ಧೆಯೊಬ್ಬಳಿಗೆ ದಾರಿಯಲ್ಲಿ ನೆರಳನ್ನೂ ಏರಲು ಸುಲಭವಾದ ಮೆಟ್ಟಿಲನ್ನೂ ಒದಗಿಸುವುದು ಯಾರ ಹೊಣೆ? ಈ ಪ್ರಶ್ನೆಯ ಚರಿತ್ರೆಯನ್ನು ನಾವಿಲ್ಲಿ ಸಂಗ್ರಹವಾಗಿ ಪರಿಶೀಲಿಸಲಿದ್ದೇವೆ.

ನಮ್ಮ ನಾಡಿನಲ್ಲಿ ಈ ಹೊಣೆಯು ಬಹುಕಾಲ ದಾನದ ರೂಪದಲ್ಲಿತ್ತು. ಸಾಲುಮರ, ಅರವಟ್ಟಿಗೆ, ಛತ್ರಗಳನ್ನು ಅರಸರೂ ಊರವರೂ ಪುಣ್ಯಕಾರ್ಯವೆಂದೇ ಏರ್ಪಡಿಸಿದರು. ತಲೆಹೊರೆಯನ್ನು ಪರರ ನೆರವಿಲ್ಲದೆ ಇಳಿಸಲು ದಾರಿಯ ಮಗ್ಗುಲಲ್ಲಿ ಹೆಗಲಿನ ಮಟ್ಟಕ್ಕೆ ನಿಲ್ಲಿಸುತ್ತಿದ್ದ ಕಲ್ಲುಗಳೂ ಈ ವರ್ಗಕ್ಕೇ ಸೇರಿದವು. ಆ ಕಲ್ಲಿನ ಅಳತೆಯನ್ನು ನಿಶ್ಚಯಿಸಿದ್ದು ಬಳಸುವವರ ದೇಹವೆಂಬುದು ಗಮನಾರ್ಹ.

1864ರಲ್ಲಿ ಬೆಂಗಳೂರಿಗೆ ರೈಲು ಬಂದಿತು. ನಿಲ್ದಾಣಗಳಿಗೆ ಮಾಡು ದೊರೆಯಿತು. ಆದರೆ ದೊಡ್ಡ ನಿಲ್ದಾಣಗಳ ಮೇಲುಸೇತುವೆಯ ಮೆಟ್ಟಿಲುಗಳು ವೃದ್ಧರಿಗೂ ಅಂಗವಿಕಲರಿಗೂ ಅಡ್ಡಿಯಾದವು. 1995ರ ಅಧಿನಿಯಮವು ಸಾರಿಗೆಯನ್ನು ಅಂಗವಿಕಲರಿಗೆ ಅನುಕೂಲಗೊಳಿಸಬೇಕೆಂದಿತಾದರೂ, ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ನಿಬಂಧನೆಯನ್ನೂ ಸೇರಿಸಿತು. 2011ರ ಅಕ್ಟೋಬರ್ 20ರಂದು ಆರಂಭವಾದ ನಮ್ಮ ಮೆಟ್ರೋದ ನಿಲ್ದಾಣಗಳು ಮಾಡಿನೊಡನೆ ಲಿಫ್ಟನ್ನೂ, ಅಂಧರ ಪಾದಕ್ಕೆ ದಾರಿ ತಿಳಿಸುವ ಉಬ್ಬುಹಾಸನ್ನೂ ಪಡೆದವು. 2016ರ ಅಧಿನಿಯಮದ 41ನೆಯ ಪ್ರಕರಣವು ರೈಲು ಹಾಗೂ ವಿಮಾನ ನಿಲ್ದಾಣಗಳ ಸಾಲಿನಲ್ಲಿ ಬಸ್ ನಿಲ್ದಾಣವನ್ನೂ ಹೆಸರಿಸಿತು. ಹೀಗೆ ದಾನವಾಗಿದ್ದುದು ಹಕ್ಕಾಯಿತು.

2024ರ ನವೆಂಬರ್‌ನಲ್ಲಿ ಮೆಟ್ರೋ ತುಮಕೂರು ರಸ್ತೆಯ ಮಾದಾವರವನ್ನು ಮುಟ್ಟಿತು. ಆದರೆ ಅಲ್ಲಿನ ಲಿಫ್ಟನ್ನು ಸೇರುವ ಮುನ್ನ ನಮ್ಮ ವೃದ್ಧೆಯು ತನ್ನೂರಿನ ರಸ್ತೆಬದಿಯಲ್ಲಿ ಕಾದು, ಬಸ್ಸಿನ ಮೆಟ್ಟಿಲನ್ನು ಏರಬೇಕು. ಪ್ರಯಾಣವು ಮೊದಲಾಗುವುದು ಅಲ್ಲಿ. ಆದುದರಿಂದ ಈ ಹಕ್ಕಿನ ನಿಜವಾದ ಪರೀಕ್ಷೆಯೂ ಅಲ್ಲಿಯೇ ನಡೆಯಬೇಕೆಂದು ನಮಗೆ ತೋರುತ್ತದೆ.