ರಣಧೀರ ಕಂಠೀರವ ಮತ್ತು ನಾಲ್ವರು ಮಿತ್ರರು

ನಮ್ಮ ತಾಳವಾಡಿ ಸೀಮೆಯ ಹಿರಿಮೆಯನ್ನು ಹೇಳುವ ಸಂದರ್ಭ ಒದಗಿದಾಗಲೆಲ್ಲ ದೊಡ್ಡಗಾಜನೂರಿನ ಹೆಸರು ಮೊದಲು ನಾಲಗೆಗೆ ಬರುವುದು ಸಹಜ. ವರನಟ ಡಾ. ರಾಜಕುಮಾರರು ಆ ಗ್ರಾಮದವರೆಂಬ ಸಂಗತಿ ನಮ್ಮ ಜೀರಹಳ್ಳಿಯ ಎಳೆಯ ಮಗುವಿಗೂ ವಿದಿತವೇ ಆಗಿದೆ. ಅವರ ಇನ್ನೂರಕ್ಕೂ ಮಿಕ್ಕ ಚಿತ್ರಗಳನ್ನೂ, ಅವರಿಗೆ ಸಂದ ಮಾನಸನ್ಮಾನಗಳನ್ನೂ ಕುರಿತು ಅನೇಕರು ಬರೆದಿದ್ದಾರೆ. ಕೀರ್ತಿಯ ಕಾಲ ಬರುವುದಕ್ಕೆ ಮೊದಲು, ಕೈಯಲ್ಲಿ ಕೆಲಸವಿಲ್ಲದೆ, ಮುಂದಿನ ದಾರಿ ಕಾಣದೆ ಇದ್ದ ದಿನಗಳಲ್ಲಿ ಅವರೂ ಅವರ ಮೂವರು ಮಿತ್ರರೂ ಕೂಡಿ ಕಂಡ ಒಂದು ಕನಸು ಹೇಗೆ ನನಸಾಯಿತೆಂಬುದನ್ನು ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ. ಚಿಕ್ಕ ಊರಿನ ಚಿಕ್ಕ ಸಂಘವೊಂದು ತನ್ನ ವಾರ್ಷಿಕೋತ್ಸವವನ್ನು ಆಚರಿಸಿಕೊಳ್ಳುವ ವೇಳೆಯಲ್ಲಿ ಮನನ ಮಾಡತಕ್ಕ ಚರಿತ್ರೆ ಇದು.

ಆ ನಾಲ್ವರ ಪೂರ್ವವೃತ್ತಾಂತವನ್ನು ಮೊದಲು ಸಂಕ್ಷೇಪವಾಗಿ ತಿಳಿಯುವುದು ಉಚಿತ. ಮುತ್ತುರಾಜನೆಂಬ ಹೆಸರಿನ ಬಾಲಕನು 1929ರ ಏಪ್ರಿಲ್ 24ರಂದು ಜನಿಸಿದನು. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ವೃತ್ತಿರಂಗಭೂಮಿಯ ನಟರು. ಹಿರಣ್ಯಕಶಿಪು ಮೊದಲಾದ ಪ್ರತಾಪದ ಪಾತ್ರಗಳಲ್ಲಿ ಹೆಸರಾದವರು. ಮಗನ ಶಾಲಾವಿದ್ಯೆ ಪ್ರಾಥಮಿಕ ತರಗತಿಗಳಲ್ಲಿಯೇ ನಿಂತುಹೋಯಿತು. ಗುಬ್ಬಿ ವೀರಣ್ಣನವರ ಕಂಪನಿಯೇ ಅವನಿಗೆ ಗುರುಕುಲವಾಯಿತು. ಎರಡನೆಯವರು ನಂಜನಗೂಡಿನಲ್ಲಿ 1917ರಲ್ಲಿ ಹುಟ್ಟಿದ ಜಿ.ವಿ. ಅಯ್ಯರ್. ಇವರೂ ಬಾಲ್ಯದಲ್ಲೇ ಗುಬ್ಬಿ ಕಂಪನಿಯನ್ನು ಸೇರಿ ನಟನೆಯನ್ನೂ ಬರವಣಿಗೆಯನ್ನೂ ಅಲ್ಲಿಯೇ ಅಭ್ಯಾಸ ಮಾಡಿದವರು. ಮೂರನೆಯವರು ಅರಸೀಕೆರೆಯ ಟಿ.ಎನ್. ಬಾಲಕೃಷ್ಣ. ಇವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ; ಆದರೂ ಎದುರಿನವರ ತುಟಿಯ ಚಲನೆಯನ್ನು ಗಮನಿಸಿ ತಮ್ಮ ಮಾತಿನ ಸರದಿಯನ್ನು ಅರಿತುಕೊಂಡು, ಐದುನೂರಕ್ಕೂ ಹೆಚ್ಚು ಚಿತ್ರಗಳಲ್ಲಿ ಅಭಿನಯಿಸಿದರು. ನಾಲ್ಕನೆಯವರು ತಿಪಟೂರಿನ ನರಸಿಂಹರಾಜು; 1923ರಲ್ಲಿ ಜನಿಸಿ, ನಾಟಕ ಕಂಪನಿಗಳಲ್ಲಿ ಪಳಗಿ, ಕನ್ನಡಿಗರನ್ನು ನಗಿಸುವುದನ್ನೇ ಜೀವನವ್ರತ ಮಾಡಿಕೊಂಡವರು.

ಅಯ್ಯರ್ ಮತ್ತು ಬಾಲಕೃಷ್ಣ ಇಬ್ಬರೂ 1943ರ ‘ರಾಧಾರಮಣ’ ಚಿತ್ರದಲ್ಲಿ ಬೆಳ್ಳಿತೆರೆಗೆ ಬಂದರು. 1954ರಲ್ಲಿ ಎಚ್.ಎಲ್.ಎನ್. ಸಿಂಹ ಅವರು ‘ಬೇಡರ ಕಣ್ಣಪ್ಪ’ ಚಿತ್ರವನ್ನು ನಿರ್ದೇಶಿಸಿದಾಗ ಮುತ್ತುರಾಜರು ರಾಜಕುಮಾರರಾಗಿ ನಾಯಕಪದವಿಗೆ ಏರಿದರು. ನರಸಿಂಹರಾಜು ಅವರ ಪ್ರಥಮ ಚಿತ್ರವೂ ಅದೇ. ಅಯ್ಯರ್ ಕೂಡ ಅದರಲ್ಲಿ ಅಭಿನಯಿಸಿದ್ದರು. ಗುಬ್ಬಿ ವೀರಣ್ಣನವರ ಸಂಸ್ಥೆಯೂ ತಮಿಳುನಾಡಿನ ಪ್ರಸಿದ್ಧ ನಿರ್ಮಾಪಕ ಎ.ವಿ. ಮೆಯ್ಯಪ್ಪನ್ ಅವರ ಸಂಸ್ಥೆಯೂ ಜೊತೆಗೂಡಿ ಆ ಚಿತ್ರವನ್ನು ತಯಾರಿಸಿದವು. ಗಡಿನಾಡಿನಲ್ಲಿ ಬಾಳುವ ನಾವು ಈ ಮಾತನ್ನು ಮರೆಯಲಾಗದು. ಕನ್ನಡಕ್ಕೆ ಅದರ ವರನಟನನ್ನು ತಂದುಕೊಟ್ಟ ಚಿತ್ರದಲ್ಲಿ ನೆರೆಭಾಷೆಯ ಸಹೋದರರ ಕೈಯೂ ಇತ್ತು.

ಒಂದು ಚಿತ್ರ ಗೆದ್ದಮಾತ್ರಕ್ಕೆ ಬಾಳು ಹಸನಾಗಲಿಲ್ಲ. 1934ರಲ್ಲಿ ‘ಸತೀ ಸುಲೋಚನ’ದಿಂದ ಕನ್ನಡ ವಾಕ್ಚಿತ್ರದ ಯುಗ ಆರಂಭವಾಗಿದ್ದರೂ, ಕಾಲು ಶತಮಾನ ಕಳೆದ ಮೇಲೆಯೂ ವರ್ಷಕ್ಕೆ ತಯಾರಾಗುತ್ತಿದ್ದ ಕನ್ನಡ ಚಿತ್ರಗಳನ್ನು ಬೆರಳಿನಲ್ಲಿ ಎಣಿಸಬಹುದಾಗಿತ್ತು. ಚಿತ್ರೀಕರಣದ ಸೌಕರ್ಯಗಳು ಬಹುಮಟ್ಟಿಗೆ ಮದ್ರಾಸಿನಲ್ಲಿ ಇದ್ದವು. ಬಂಡವಾಳ ಹೂಡುವವರು ಕನ್ನಡವೆಂದರೆ ಹಿಂಜರಿಯುತ್ತಿದ್ದರು. ಕನ್ನಡನಾಡಿನ ಚಿತ್ರಮಂದಿರಗಳಲ್ಲಿ ಪರಭಾಷಾಚಿತ್ರಗಳದೇ ಮೇಲುಗೈಯಾಗಿತ್ತು. ಚಿತ್ರವೊಂದು ಮುಗಿದರೆ ಮತ್ತೊಂದು ಎಂದು ಬರುವುದೋ ತಿಳಿಯದು. 1950ರ ದಶಕದ ಕೊನೆಯ ವರ್ಷಗಳಲ್ಲಿ ಈ ಕಷ್ಟ ಪರಾಕಾಷ್ಠೆಗೆ ಮುಟ್ಟಿತು. ನಾಟಕ ಕಂಪನಿಯಲ್ಲಾದರೆ ಸಂಬಳ ಸ್ವಲ್ಪವಾದರೂ ಊಟಕ್ಕೆ ಪಂಕ್ತಿಯುಂಟು. ಚಿತ್ರನಟನಿಗೆ ಚಿತ್ರವಿಲ್ಲದಿದ್ದರೆ ಪಂಕ್ತಿಯೂ ಇಲ್ಲ.

ಇಂತಹ ವಿಷಮಕಾಲದಲ್ಲಿ ಸಾಮಾನ್ಯರಾದವರು ಎರಡು ಮಾರ್ಗಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕಲೆಯನ್ನು ತೊರೆದು ಬೇರೆ ಉದ್ಯೋಗ ಹುಡುಕುವುದು ಒಂದು. ತಾನೊಬ್ಬನೇ ಹೇಗಾದರೂ ದಡ ಸೇರಿದರೆ ಸಾಕೆಂದು ಮಿತ್ರರನ್ನು ಕೈಬಿಡುವುದು ಮತ್ತೊಂದು. ನಮ್ಮ ನಾಲ್ವರು ಈ ಎರಡನ್ನೂ ಹಿಡಿಯಲಿಲ್ಲ. ‘ಕನ್ನಡ ಚಲನಚಿತ್ರ ಕಲಾವಿದರ ಸಂಘ’ವೆಂಬ ಹೆಸರಿನಲ್ಲಿ ಒಂದುಗೂಡಿದರು. ತಾವು ಕಲಿತು ಬಂದಿದ್ದ ಹಳೆಯ ವಿದ್ಯೆಗೆ, ಎಂದರೆ ರಂಗಭೂಮಿಗೆ, ಮರಳಿದರು. ಊರೂರಿಗೆ ಹೋಗಿ ನಾಟಕಗಳನ್ನಾಡಿದರು. ಬೆಳ್ಳಿತೆರೆಯ ಮೇಲೆ ಕಂಡಿದ್ದ ನಟರನ್ನು ಕಣ್ಣಾರೆ ಕಾಣಬೇಕೆಂದು ಜನ ಬಂದರು. ಬಂದ ಹಣದಿಂದ ಬದುಕೂ ಸಾಗಬೇಕು, ಸಂಗಡಿಗರ ಕಷ್ಟಕ್ಕೂ ಒದಗಬೇಕು. ಇಷ್ಟಕ್ಕೆ ತೃಪ್ತರಾಗದೆ, ತಾವೇ ಒಂದು ಚಿತ್ರವನ್ನು ನಿರ್ಮಿಸಬೇಕೆಂಬ ಸಾಹಸಕ್ಕೂ ಅವರು ಕೈಹಾಕಿದರು. ಆ ಚಿತ್ರವೇ ‘ರಣಧೀರ ಕಂಠೀರವ’.

ಆರಿಸಿಕೊಂಡ ವಸ್ತುವನ್ನು ನೋಡಿದರೆ ಅವರ ಧೈರ್ಯ ಎಷ್ಟೆಂಬುದು ತಿಳಿಯುತ್ತದೆ. ಕೈಯಲ್ಲಿ ಹಣವಿಲ್ಲದವರು ನಾಲ್ಕು ಗೋಡೆಯೊಳಗೆ ಮುಗಿಯುವ ಸಂಸಾರದ ಕಥೆಯನ್ನು ಆರಿಸಿಕೊಳ್ಳುವುದು ಲೋಕರೂಢಿ. ಇವರಾದರೋ ಅರಮನೆ, ದರ್ಬಾರು, ಕತ್ತಿವರಸೆ, ಮಲ್ಲಯುದ್ಧಗಳನ್ನು ಬೇಡುವ ಚಾರಿತ್ರಿಕ ಕಥೆಗೆ ಮನಸೋತರು. ಮೈಸೂರು ಅರಸರಲ್ಲಿ ಪ್ರಸಿದ್ಧನಾದ ಕಂಠೀರವ ನರಸರಾಜ ಒಡೆಯನು ಈ ಚಿತ್ರದ ಕಥಾನಾಯಕ. ಈತನು 1638ರಿಂದ 1659ರವರೆಗೆ ಶ್ರೀರಂಗಪಟ್ಟಣದಲ್ಲಿ ಆಳಿದನು.

ಈ ಅರಸನ ಚರಿತ್ರೆ ನಮ್ಮ ಸೀಮೆಗೆ ಅನ್ಯವಾದುದಲ್ಲ. ಪಟ್ಟಕ್ಕೆ ಬರುವ ಮುನ್ನ ಈತನು ಇದ್ದುದು ತೆರಕಣಾಂಬಿಯಲ್ಲಿ. ಆ ಊರು ಗುಂಡ್ಲುಪೇಟೆ ತಾಲ್ಲೂಕಿಗೆ ಸೇರಿದ್ದು, ನಮಗೆ ನೆರೆಯದೇ ಎನ್ನಬಹುದು. ಇಮ್ಮಡಿ ರಾಜ ಒಡೆಯನು ದಳವಾಯಿ ವಿಕ್ರಮರಾಯನ ಕುತಂತ್ರದಿಂದ ವಿಷಪ್ರಾಶನಕ್ಕೆ ಬಲಿಯಾದ ಮೇಲೆ, ಕಂಠೀರವನು ಸಿಂಹಾಸನವನ್ನೇರಿದನು. ಏರಿದ ಸ್ವಲ್ಪಕಾಲದಲ್ಲೇ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಶ್ರೀರಂಗಪಟ್ಟಣದ ಮೇಲೆ ದಂಡೆತ್ತಿ ಬರಲು, ಆ ದಾಳಿಯನ್ನು ಹಿಮ್ಮೆಟ್ಟಿಸಿದನು. 1640ರ ದಶಕದಲ್ಲಿ ದಣಾಯಕನಕೋಟೆ, ಸತ್ಯಮಂಗಲಗಳು ಆತನ ಕೈಸೇರಿದವು. ಆ ದಣಾಯಕನಕೋಟೆ ಇಂದು ಭವಾನಿಸಾಗರದ ನೀರಿನಲ್ಲಿ ಮುಳುಗಿದೆ. ಕಂಠೀರಾಯಿ ಹಣವೆಂಬ ನಾಣ್ಯವನ್ನು ಟಂಕಿಸಿದವನೂ ಈತನೇ. ತಿರುಚಿನಾಪಳ್ಳಿಗೆ ವೇಷ ಮರೆಸಿಕೊಂಡು ಹೋಗಿ ಅಲ್ಲಿನ ಗರ್ವಿಷ್ಠ ಜಟ್ಟಿಯನ್ನು ಗೆದ್ದನೆಂಬ ಕಥೆ ಜನರ ಬಾಯಲ್ಲಿ ಉಳಿದು ಬಂದಿದೆ; ಅದನ್ನು ಐತಿಹ್ಯವೆಂದು ಎಣಿಸುವುದು ಲೇಸು. ಈತನ ಕಾಲದಲ್ಲೇ, 1648ರಲ್ಲಿ, ಗೋವಿಂದವೈದ್ಯನು ‘ಕಂಠೀರವ ನರಸರಾಜ ವಿಜಯ’ವೆಂಬ ಸಾಂಗತ್ಯ ಕಾವ್ಯವನ್ನು ರಚಿಸಿದನು. ಶ್ರೀರಂಗಪಟ್ಟಣದ ಅಂದಿನ ನವರಾತ್ರಿಯ ವೈಭವವನ್ನು ತಿಳಿಯಬಯಸುವವರಿಗೆ ಅದು ಅಮೂಲ್ಯವಾದ ಆಕರ.

ಇಂತಹ ವಸ್ತುವನ್ನು ತೆರೆಗೆ ತರುವ ಕೆಲಸವನ್ನು ಮಿತ್ರರು ಹಂಚಿಕೊಂಡರು. ಅಯ್ಯರ್ ಅವರ ಲೇಖನಿ ಚಿತ್ರಕ್ಕೆ ಸಾಹಿತ್ಯವನ್ನು ಒದಗಿಸಿತು. ರಾಜಕುಮಾರರು ಕಂಠೀರವನಾದರು. ನಿರ್ದೇಶನದ ಹೊಣೆಯನ್ನು ಎನ್.ಸಿ. ರಾಜನ್ ಅವರೂ ಸಂಗೀತದ ಹೊಣೆಯನ್ನು ಜಿ.ಕೆ. ವೆಂಕಟೇಶ್ ಅವರೂ ವಹಿಸಿಕೊಂಡರು. 1960ರಲ್ಲಿ ಚಿತ್ರ ತೆರೆಕಂಡಿತು. ಕನ್ನಡಿಗರು ತಮ್ಮದೇ ನಾಡಿನ ಅರಸನನ್ನು ತಮ್ಮದೇ ನುಡಿಯಲ್ಲಿ ಕಂಡು ಹರ್ಷಿಸಿದರು. ಶಾಸ್ತ್ರೀಯ ಇತಿಹಾಸದ ದೃಷ್ಟಿಯಿಂದ ನೋಡುವವರಿಗೆ ಅದರಲ್ಲಿ ಐತಿಹ್ಯವೂ ಕಲ್ಪನೆಯೂ ಬೆರೆತಿರುವುದು ಕಾಣುತ್ತದೆ. ಚರಿತ್ರೆಯ ಪುಸ್ತಕವನ್ನು ಎಂದೂ ತೆರೆಯದ ಸಾವಿರಾರು ಜನರಿಗೆ ಕಂಠೀರವನೆಂಬ ದೊರೆ ಇದ್ದನೆಂಬುದನ್ನು ತಿಳಿಸಿದ್ದು ಆ ಚಿತ್ರವೇ ಎಂಬುದೂ ಅಷ್ಟೇ ಸತ್ಯ.

ಇಲ್ಲಿ ನಾವು ವಿಚಾರ ಮಾಡಬೇಕಾದ ಮುಖ್ಯಾಂಶ ಒಂದಿದೆ. ಮಿತ್ರನಿಗೆ ಕಷ್ಟಕಾಲದಲ್ಲಿ ನೆರವಾಗುವುದೆಂದರೆ ಧನಸಹಾಯ ಮಾಡುವುದೆಂದೇ ಅನೇಕರು ಭಾವಿಸುತ್ತಾರೆ. ‘ಕೊಡಲು ನಮ್ಮಲ್ಲೇನಿದೆ?’ ಎಂದು ಹೇಳಿ ಸುಮ್ಮನಾಗುತ್ತಾರೆ. ಈ ನಾಲ್ವರಲ್ಲಿ ಧನಿಕರು ಯಾರೂ ಇರಲಿಲ್ಲ. ಒಬ್ಬನು ಕೊಡುವವನು, ಇನ್ನೊಬ್ಬನು ಬೇಡುವವನು ಎಂಬ ಭೇದಕ್ಕೆ ಆಸ್ಪದವೇ ಇರಲಿಲ್ಲ. ಬರೆಯಬಲ್ಲವನು ಬರಹವನ್ನು ಕೊಟ್ಟನು. ನಗಿಸಬಲ್ಲವನು ನಗೆಯನ್ನು ಕೊಟ್ಟನು. ಪಾತ್ರವನ್ನು ತುಂಬಬಲ್ಲವನು ತನ್ನ ದೇಹವನ್ನೂ ಕಂಠವನ್ನೂ ಕೊಟ್ಟನು. ಎಲ್ಲರೂ ಕೊಟ್ಟದ್ದು ರಾತ್ರಿಗಳ ನಿದ್ದೆ ಮತ್ತು ದಾರಿಯ ಆಯಾಸ. ‘ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ’ ಎಂಬ ನಮ್ಮ ಗಾದೆಯ ಅರ್ಥ ಇದೇ ಅಲ್ಲವೆ? ನಾಟಕಕ್ಕೆ ಟಿಕೀಟು ಕೊಂಡು ಬಂದು ಕುಳಿತ ರೈತರೂ ಅಂಗಡಿಯವರೂ ಮಕ್ಕಳೂ ತಮಗರಿವಿಲ್ಲದೆಯೇ ಆ ಹೊರೆಗೆ ಒಂದೊಂದು ಕಡ್ಡಿಯನ್ನು ಸೇರಿಸಿದರು.

ಈ ಸ್ನೇಹದ ಫಲ ಒಂದು ಚಿತ್ರಕ್ಕೇ ಮುಗಿಯಲಿಲ್ಲ. ಅಯ್ಯರ್ ಅವರು 1962ರಲ್ಲಿ ‘ಭೂದಾನ’ವನ್ನು ತೆರೆಗೆ ತಂದಾಗ ರಾಜಕುಮಾರರು ಅದರಲ್ಲಿ ಅಭಿನಯಿಸಿದರು. ಮುಂದೆ ಅಯ್ಯರ್ ಅವರ ಹಾದಿ ಬೇರೆಯಾಯಿತು. 1975ರಲ್ಲಿ ‘ಹಂಸಗೀತೆ’ಯನ್ನೂ, 1983ರಲ್ಲಿ ಭಾರತದ ಪ್ರಥಮ ಸಂಸ್ಕೃತ ಚಲನಚಿತ್ರವಾದ ‘ಆದಿ ಶಂಕರಾಚಾರ್ಯ’ವನ್ನೂ ರಚಿಸಿ, ಬರಿಗಾಲ ನಿರ್ದೇಶಕರೆಂದು ಖ್ಯಾತರಾದರು. ಕನ್ನಡ ಚಿತ್ರಗಳು ಕನ್ನಡದ ನೆಲದಲ್ಲೇ ತಯಾರಾಗಬೇಕೆಂಬ ಹಂಬಲದಿಂದ ಬಾಲಕೃಷ್ಣರು ಬೆಂಗಳೂರಿನ ಕೆಂಗೇರಿಯ ಬಳಿ ಅಭಿಮಾನ್ ಸ್ಟುಡಿಯೋವನ್ನು ಸ್ಥಾಪಿಸಿದರು. ನರಸಿಂಹರಾಜು ಅವರು 1979ರಲ್ಲಿ ಅಕಾಲದಲ್ಲೇ ಕಣ್ಮರೆಯಾದರು. ಬಾಲಕೃಷ್ಣರು 1995ರಲ್ಲಿಯೂ ಅಯ್ಯರ್ ಅವರು 2003ರಲ್ಲಿಯೂ ದಿವಂಗತರಾದರು. ‘ಇಮ್ಮಡಿ ಪುಲಿಕೇಶಿ’, ‘ಶ್ರೀಕೃಷ್ಣದೇವರಾಯ’, ‘ಮಯೂರ’ ಎಂದು ಕನ್ನಡ ಅರಸರ ಪಾತ್ರಗಳನ್ನು ಒಂದಾದ ಮೇಲೊಂದರಂತೆ ಧರಿಸಿ ಮೆರೆದ ರಾಜಕುಮಾರರು 2006ರ ಏಪ್ರಿಲ್ 12ರಂದು ನಮ್ಮನ್ನಗಲಿದರು. ಅವರ ಸಮಾಧಿ ಇರುವುದು ಬೆಂಗಳೂರಿನ ಕಂಠೀರವ ಸ್ಟುಡಿಯೋದಲ್ಲಿ. ಕಷ್ಟಕಾಲದ ಆ ಹೆಸರು ಕೊನೆಯವರೆಗೂ ಅವರ ಸಂಗಡವೇ ಉಳಿಯಿತು.

ಈಗ ನಮ್ಮ ಊರಿನ ಕಡೆ ಒಮ್ಮೆ ದೃಷ್ಟಿಹರಿಸೋಣ. ಕಂಠೀರವನ ಕಾಲದಲ್ಲಿ ಮೈಸೂರಿಗೆ ಸೇರಿದ್ದ ಈ ಸೀಮೆ 1799ರಲ್ಲಿ ಟಿಪ್ಪುಸುಲ್ತಾನನ ಪತನಾನಂತರ ಕಂಪನಿ ಸರ್ಕಾರದ ಕೊಯಮತ್ತೂರು ಜಿಲ್ಲೆಗೆ ಸೇರಿತು; 1956ರ ರಾಜ್ಯ ಪುನರ್ವಿಂಗಡಣೆಯ ತರುವಾಯವೂ ಮದ್ರಾಸ್ ರಾಜ್ಯದಲ್ಲೇ ಉಳಿಯಿತು; 1979ರಲ್ಲಿ ಜಿಲ್ಲೆ ಬದಲಾಗಿ ಇಂದು ಈರೋಡಿಗೆ ಸೇರಿದೆ. ದಿಂಬದ ಘಟ್ಟದ 27 ತಿರುವುಗಳ ಕೆಳಗೆ ನಮ್ಮ ಜಿಲ್ಲಾಕೇಂದ್ರವಿದೆ. ಘಟ್ಟದ ಮೇಲೆ ನಮ್ಮ ಮನೆಮಾತು ಕನ್ನಡವಾಗಿದೆ. ರಾಜ್ಯದ ಭಾಷೆಯಾದ ತಮಿಳನ್ನು ನಮ್ಮ ಮಕ್ಕಳು ಗೌರವದಿಂದ ಕಲಿಯುತ್ತಿದ್ದಾರೆ; ಕಲಿಯಲೇಬೇಕು. ಅದರೊಂದಿಗೆ ಕನ್ನಡ ಮಾಧ್ಯಮದಲ್ಲಿ ಓದಿ ಮುಂದೆ ಗತಿಯೇನೆಂಬ ಚಿಂತೆ ಅನೇಕ ಮನೆಗಳಲ್ಲಿ ಇರುವುದನ್ನು ಉಪಾಧ್ಯಾಯರಾದ ನಾವು ಬಲ್ಲೆವು. ಆ ಚಿಂತೆ ನಿರಾಧಾರವೆಂದು ನಾವು ಹೇಳಲಾರೆವು.

ಆದರೆ ಒಂದು ಮಾತನ್ನು ಮಾತ್ರ ಧೈರ್ಯವಾಗಿ ಹೇಳಬಲ್ಲೆವು. ಕನ್ನಡಕ್ಕೆ ಮಾರುಕಟ್ಟೆಯಿಲ್ಲವೆಂಬ ಮಾತನ್ನು ಆ ನಾಲ್ವರೂ ಕೇಳಿದ್ದರು. ಅದು ಅಂದಿನ ಮಟ್ಟಿಗೆ ನಿಜವೂ ಆಗಿತ್ತು. ಯಾರೋ ಬಂದು ಮಾರುಕಟ್ಟೆಯನ್ನು ಕಟ್ಟಿಕೊಡಲೆಂದು ಅವರು ಕಾಯಲಿಲ್ಲ. ನಮ್ಮ ಹಳ್ಳಿಗಳಲ್ಲಿಯೂ ಕವಿತೆ ಬರೆಯುವ ಹುಡುಗಿಯರಿದ್ದಾರೆ, ರಂಗಗೀತೆ ಹಾಡುವ ಹುಡುಗರಿದ್ದಾರೆ, ಚಿತ್ರ ಬಿಡಿಸುವ ಎಳೆಯ ಕೈಗಳಿವೆ. ಅವರ ತಂದೆತಾಯಿಯರು ಮಳೆಯನ್ನು ನಂಬಿದ ಬೇಸಾಯಗಾರರು. ಮಕ್ಕಳ ಕನಸಿಗೆ ಬಂಡವಾಳ ಹೂಡುವ ಶಕ್ತಿ ಅವರಿಗಿಲ್ಲ. ಅಂತಹ ಮಗುವಿನ ಹಸ್ತಪ್ರತಿಯನ್ನು ಕುಳಿತು ತಿದ್ದಿಕೊಡಲು ಒಬ್ಬ ಉಪಾಧ್ಯಾಯ, ಅಂದವಾಗಿ ಬರೆದುಕೊಡಲು ಒಬ್ಬ ಸಹಪಾಠಿ, ನಾಟಕದ ತಾಲೀಮಿಗೆ ತನ್ನ ಮನೆಯ ಜಗಲಿಯನ್ನು ಬಿಟ್ಟುಕೊಡಲು ಒಬ್ಬ ಗೃಹಸ್ಥ, ದೀಪದ ಖರ್ಚನ್ನು ವಹಿಸಲು ಒಬ್ಬ ಅಂಗಡಿಯವನು ಮುಂದೆ ಬಂದರೆ ಸಾಕು. ನಮ್ಮ ಸಂಘ ಇರುವುದು ಇಂತಹವರನ್ನು ಒಂದೆಡೆ ಸೇರಿಸುವುದಕ್ಕಾಗಿಯೇ.

ಬರುವ ವರ್ಷದ ಉತ್ಸವಕ್ಕೆ ಹೊರಗಿನ ತಂಡವನ್ನು ಕರೆಸುವುದರ ಜೊತೆಗೆ, ನಮ್ಮ ಮಕ್ಕಳೇ ಬರೆದು ನಮ್ಮ ಮಕ್ಕಳೇ ಆಡುವ ಒಂದು ನಾಟಕವನ್ನು ರಂಗಕ್ಕೆ ತರುವುದು ಸಾಧ್ಯವಾಗಲೆಂದು ನಾವು ಹಾರೈಸುತ್ತೇವೆ. ತೆರಕಣಾಂಬಿಯ ದೊರೆಯ ಕಥೆಯನ್ನೋ, ನೀರಿನಲ್ಲಿ ಮುಳುಗಿದ ದಣಾಯಕನಕೋಟೆಯ ಕಥೆಯನ್ನೋ ಅವರು ಆರಿಸಿಕೊಳ್ಳಲಿ. ತಾಲೀಮಿಗೆ ಬೇಕಾದ ಕನ್ನಡವನ್ನು ತಿದ್ದಿಕೊಡುವ ಹೊಣೆಯನ್ನು ನಾವು ವಹಿಸಿಕೊಳ್ಳುತ್ತೇವೆ. ಉಳಿದ ಕಡ್ಡಿಗಳನ್ನು ಸೇರಿಸುವ ಭಾರ ಜೀರಹಳ್ಳಿಯ ಮಹಾಜನರದು.