ಸ್ವತಂತ್ರ ಸಾಕ್ಷ್ಯಚಿತ್ರಗಳ ವಿತರಣೆ: ನಿಪ್ಪಾಣಿ, ಹೆಗ್ಗೋಡುಗಳ ನಿದರ್ಶನ

ಸೊರಬ, ಶಿಕಾರಿಪುರ ಸೀಮೆಯ ಚರಿತ್ರೆಯನ್ನು ಬರೆಯುವವರಿಗೆ ತಾಳಗುಂದ, ಬಳ್ಳಿಗಾವೆಗಳ ಶಾಸನಗಳು ಮುಖ್ಯ ಆಧಾರಗಳಾಗಿವೆ. ಅವು ನೆಟ್ಟ ಎಡೆಯಲ್ಲಿಯೇ ನಿಂತು ಶತಮಾನಗಳ ಕಾಲ ಓದುಗರನ್ನು ಕಾದವು. ನಮ್ಮ ಕಾಲದ ದಾಖಲೆಯಾದ ಸಾಕ್ಷ್ಯಚಿತ್ರಕ್ಕೆ ಆ ಸೌಕರ್ಯವಿಲ್ಲ. ಯಾರಾದರೂ ಹೊತ್ತು ತಂದು, ತೆರೆ ಕಟ್ಟಿ, ಜನರನ್ನು ಕೂಡಿಸಿ ತೋರಿಸಿದ ಹೊರತು ಅದು ಇದ್ದೂ ಇಲ್ಲದಂತೆಯೇ ಸರಿ. ಆದುದರಿಂದ ಸರ್ಕಾರದ ಹಂಗಿಲ್ಲದೆ ನಿರ್ಮಿತವಾದ ಚಿತ್ರಗಳು ಯಾವ ದಾರಿಯಿಂದ ಜನರ ಬಳಿಗೆ ಹೋದುವೆಂಬುದು, ಅವುಗಳ ನಿರ್ಮಾಣದ ಕಥೆಯಷ್ಟೇ ವಿಚಾರಣೆಗೆ ಅರ್ಹವಾದ ವಿಷಯವೆಂದು ನಾವು ಭಾವಿಸುತ್ತೇವೆ.

ರಾಜಮಾರ್ಗವು ಮೊದಲಿನಿಂದಲೂ ಸರ್ಕಾರದ ಕೈಯಲ್ಲಿತ್ತು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಭಾರತ ರಕ್ಷಣಾ ನಿಯಮಗಳ ಅನ್ವಯ ಸರ್ಕಾರವು ಒಪ್ಪಿದ 2000 ಅಡಿಗಳವರೆಗಿನ ಚಿತ್ರವನ್ನು ಚಿತ್ರಮಂದಿರಗಳು ತೋರಿಸಬೇಕೆಂದು ವಿಧಿಸಲಾಯಿತು. 35 ಮಿ.ಮೀ. ಫಿಲ್ಮಿನಲ್ಲಿ ಇದು ಸುಮಾರು 22 ನಿಮಿಷಗಳ ಆಟ. 1948ರಲ್ಲಿ ಫಿಲ್ಮ್ಸ್ ಡಿವಿಷನ್ ಸ್ಥಾಪಿತವಾದ ಮೇಲೆ ಈ ಕಡ್ಡಾಯವು ಚಿತ್ರಮಂದಿರಗಳ ಪರವಾನಗಿಯ ಷರತ್ತಾಗಿ ಮುಂದುವರಿಯಿತು. ಪ್ರದರ್ಶಕನು ತಾನು ಆರಿಸದ ಚಿತ್ರಕ್ಕೆ ಬಾಡಿಗೆ ತೆರಬೇಕಾಯಿತು; ಪ್ರೇಕ್ಷಕರಲ್ಲಿ ಅನೇಕರು ಆ ಹೊತ್ತನ್ನು ಹೊರಗೆ ಬೀಡಿ ಸೇದಿ ಕಳೆದರೆಂಬುದು ಹಳೆಯ ತಲೆಮಾರಿನವರೆಲ್ಲ ಬಲ್ಲ ಮಾತು. ಸ್ವತಂತ್ರ ನಿರ್ಮಾಪಕನ ಪಾಡು ಇದಕ್ಕೆ ವಿಪರೀತವಾದುದು. ಸರ್ಕಾರದ ಸಮಿತಿಯು ಒಪ್ಪಿದಲ್ಲದೆ ಆ 2000 ಅಡಿಗಳೊಳಗೆ ಅವನಿಗೆ ಜಾಗವಿರಲಿಲ್ಲ. ಉಳಿದ ಹೊತ್ತೆಲ್ಲ ಕಥಾಚಿತ್ರದ್ದು.

ಇದರ ಮೇಲೆ ಪ್ರಮಾಣಪತ್ರದ ತೊಡಕು ಬೇರೆ. ಕೆ. ಎ. ಅಬ್ಬಾಸರು 1968ರಲ್ಲಿ ತೆಗೆದ ‘ಎ ಟೇಲ್ ಆಫ್ ಫೋರ್ ಸಿಟೀಸ್’ ಎಂಬ ಕಿರುಚಿತ್ರಕ್ಕೆ ಸರ್ವರೂ ನೋಡಬಹುದಾದ ಪ್ರಮಾಣಪತ್ರ ದೊರೆಯದೆ, ವಿಷಯವು ಸರ್ವೋಚ್ಚ ನ್ಯಾಯಾಲಯಕ್ಕೆ ಹೋಯಿತು. ವಿಚಾರಣೆಯ ಕಾಲದಲ್ಲಿ ಸರ್ಕಾರವು ಪ್ರಮಾಣಪತ್ರ ಕೊಡಲು ಒಪ್ಪಿತಾದರೂ, 1970ರ ತೀರ್ಪು ಪೂರ್ವಪರಿಶೀಲನೆಯ ಪದ್ಧತಿಯನ್ನೇ ಎತ್ತಿಹಿಡಿಯಿತು.

ಹೀಗೆ ಹೆದ್ದಾರಿ ಮುಚ್ಚಿದ ಮೇಲೆ ಕಾಲುದಾರಿಯೇ ಗತಿಯಾಯಿತು. ಆ ಕಾಲುದಾರಿಯ ವಾಹನವೆಂದರೆ 16 ಮಿ.ಮೀ. ಫಿಲ್ಮು. ಬೆಂಗಳೂರಿನಲ್ಲಿ 1980ರಲ್ಲಿ ದೀಪಾ ಧನರಾಜ್, ಅಭಾ ಭಯ್ಯಾ, ಮೀರಾ ರಾವ್, ನವ್ರೋಜ್ ಕಾಂಟ್ರಾಕ್ಟರ್ ಇವರು ಕೂಡಿ ಕಟ್ಟಿದ ‘ಯುಗಾಂತರ್’ ಬಳಗವು ಇದಕ್ಕೆ ಅತ್ಯುತ್ತಮ ನಿದರ್ಶನ. ಅವರು ತೆಗೆದ ನಾಲ್ಕು ಚಿತ್ರಗಳಲ್ಲಿ 1982ರ ‘ತಂಬಾಕೂ ಚಾಕೀಲಾ ಊಬ್ ಆಲೀ’ ಎಂಬುದು ನಮ್ಮ ನಿಪ್ಪಾಣಿಯ ಹೊಗೆಸೊಪ್ಪಿನ ಕಾರ್ಖಾನೆಗಳ ಹೆಣ್ಣಾಳುಗಳನ್ನು ಕುರಿತದ್ದು, ಭಾಷೆ ಮರಾಠಿ. ಚಿತ್ರವು ಸುಮಾರು 25 ನಿಮಿಷಗಳದು. 16 ಮಿ.ಮೀ. ಫಿಲ್ಮು ನಿಮಿಷಕ್ಕೆ 36 ಅಡಿ ಓಡುವುದರಿಂದ ಇಡೀ ಚಿತ್ರವು 900 ಅಡಿಗಳ ಒಂದೇ ಸುರುಳಿಯಲ್ಲಿ ಅಡಗುತ್ತದೆ. ಒಬ್ಬರು ಅದನ್ನು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಒಯ್ಯಬಹುದು. ಈ ಅಳತೆಯನ್ನು ನಾವು ಕ್ಷುಲ್ಲಕವೆಂದು ತಿಳಿಯಬಾರದು. ಕಾರ್ಮಿಕ ಸಂಘದ ಸಭೆಯಲ್ಲಿ, ಕೇರಿಯ ಅಂಗಳದಲ್ಲಿ ಚಿತ್ರವನ್ನು ತೋರಿಸಿ, ದೀಪ ಹೊತ್ತಿಸಿ, ಮಾತಿಗೆ ಕೂರಲು ಹೊತ್ತು ಮಿಗುತ್ತಿದ್ದುದು ಇಷ್ಟು ಚಿಕ್ಕದಾದುದರಿಂದಲೇ. ಚಿತ್ರದಲ್ಲಿದ್ದವರೂ ನೋಡುವವರೂ ಒಂದೇ ಬಗೆಯ ದುಡಿಮೆಯವರಾಗಿದ್ದಾಗ ಆ ಮಾತು ಚಿತ್ರದ ಗುಣದೋಷಗಳಲ್ಲಿ ನಿಲ್ಲದೆ ಕೂಲಿ, ಮಾಲಿಕ, ಮನೆ ಇವುಗಳತ್ತ ಹೊರಳುವುದು ಸಹಜ. ಹಣದ ಲೆಕ್ಕದಲ್ಲಿ ಇದು ವ್ಯಾಪಾರವೇ ಅಲ್ಲ; ಇಂತಹ ನೋಟಕ್ಕೆ ಟಿಕೀಟು ಮಾರಿ ಪ್ರಿಂಟಿನ ಖರ್ಚು ಹುಟ್ಟುವಂತಿರಲಿಲ್ಲ.

ಕಾಲುದಾರಿಗೆ ಪ್ರೇಕ್ಷಕರೂ ಸಿದ್ಧರಿರಬೇಕಷ್ಟೆ. ಸೊರಬದ ನೆರೆಯ ಸಾಗರ ತಾಲ್ಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಆರಂಭವಾದ ನೀನಾಸಮ್ ಈ ಕೆಲಸವನ್ನು ಬೇರೊಂದು ತುದಿಯಿಂದ ಹಿಡಿಯಿತು. ಕೆ. ವಿ. ಸುಬ್ಬಣ್ಣನವರ ನೇತೃತ್ವದಲ್ಲಿ 1973ರಲ್ಲಿ ಅಲ್ಲಿ ಚಿತ್ರಸಮಾಜ ಹುಟ್ಟಿತು. ರಾಯ್, ಕುರೋಸಾವಾ ಮುಂತಾದವರ ಚಿತ್ರಗಳನ್ನು ಅಡಕೆ ತೋಟದ ಜನ ಕನ್ನಡದ ವಿವರಣೆಯೊಡನೆ ನೋಡಿದರು. ಪುಣೆಯ ಸತೀಶ ಬಹಾದೂರರು ಬಂದು ಚಿತ್ರರಸಗ್ರಹಣದ ಪಾಠ ಹೇಳಿದರು. ಅಲ್ಲಿ ತೋರಿದವು ಹೆಚ್ಚಾಗಿ ಕಥಾಚಿತ್ರಗಳೆಂಬ ಆಕ್ಷೇಪಣೆ ನ್ಯಾಯವಾದುದೇ. ಆದರೆ ಹಾಡು, ಹೊಡೆದಾಟಗಳಿಲ್ಲದ, ಪರಭಾಷೆಯ ಚಿತ್ರವನ್ನು ಕೊನೆಯವರೆಗೆ ಕುಳಿತು ನೋಡಿ ಅದನ್ನು ಕುರಿತು ವಾದಿಸುವ ಗ್ರಾಮೀಣ ಸಭೆಯೊಂದು ಅಲ್ಲಿ ಸಿದ್ಧವಾಯಿತು. ಸಾಕ್ಷ್ಯಚಿತ್ರಕ್ಕೆ ಬೇಕಾದುದೂ ಅಂತಹ ಸಭೆಯೇ. ನಿಪ್ಪಾಣಿಯ ಚಿತ್ರಕ್ಕೆ ಸಂಘಟನೆಯು ಪ್ರೇಕ್ಷಕರನ್ನು ಕೊಟ್ಟಿತು. ಹೆಗ್ಗೋಡಿನಲ್ಲಿ ಶಿಕ್ಷಣವು ಕೊಟ್ಟಿತು. ಎರಡೂ ಕಡೆ ಸಭೆಯು ಮೊದಲು, ಸುರುಳಿಯು ಆಮೇಲೆ.

ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಫಿಲ್ಮ್ಸ್ ಡಿವಿಷನ್ 2022ರಲ್ಲಿ ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದಲ್ಲಿ ವಿಲೀನವಾಯಿತು. ಯುಗಾಂತರ್ ಚಿತ್ರಗಳು ಬರ್ಲಿನ್ನಿನ ಆರ್ಸೆನಲ್ ಸಂಸ್ಥೆಯ ಪ್ರಯತ್ನದಿಂದ ಡಿಜಿಟಲ್ ರೂಪ ಪಡೆದು ಉಳಿದಿವೆ. ಚಿತ್ರ ಉಳಿದರೂ ಅದನ್ನು ನೋಡಿದವರ ಮಾತು ತಾನಾಗಿ ಉಳಿಯುವುದಿಲ್ಲ. ಪ್ರೊಜೆಕ್ಟರು ನಡೆಸಿದವರು, ವಾರ್ತಾ ಇಲಾಖೆಯ ವ್ಯಾನಿನ ಹಿಂದೆ ಓಡಿದ ಅಂದಿನ ಮಕ್ಕಳು, ಡೇರೆಯ ಟಾಕೀಸಿಗೆ ಪರವಾನಗಿ ಪಡೆದವರ ಮನೆಯವರು ಸೊರಬ, ಶಿಕಾರಿಪುರಗಳ ಹಳ್ಳಿಗಳಲ್ಲಿ ಇಂದಿಗೂ ಸಿಕ್ಕಾರು. ಅವರ ಹೇಳಿಕೆಗಳನ್ನೂ, ಸಂಘಗಳ ನಡವಳಿ ಪುಸ್ತಕಗಳನ್ನೂ ಶಾಸನಗಳಿಗೆ ತೋರುವಷ್ಟೇ ಆಸ್ಥೆಯಿಂದ ನಮ್ಮ ವಿದ್ಯಾರ್ಥಿಗಳು ಸಂಗ್ರಹಿಸಲು ತೊಡಗಬೇಕು.