ನೆಲ, ತೇವ, ಅವಧಿ: ಸಾಕುಮೊಲಗಳ ಪರೋಪಜೀವಿ ರೋಗಗಳಲ್ಲಿ ವಸತಿಯ ಪಾತ್ರ

ಸಾರಾಂಶ: ಮೊಲದ ಗೂಡು ಎಲ್ಲ ಪರೋಪಜೀವಿಗಳನ್ನೂ ಒಂದೇ ಪ್ರಮಾಣದಲ್ಲಿ ತಡೆಯುವುದಿಲ್ಲ. ಜೀವಚಕ್ರದ ಒಂದು ಘಟ್ಟವನ್ನು ಹಿಕ್ಕೆಯಲ್ಲಿ, ಮೈಯಿಂದ ಹೊರಗೆ, ಕಳೆಯಲೇಬೇಕಾದ ಜೀವಿಗಳ ಮೇಲೆ ಗೂಡಿನ ನೆಲದ ಪ್ರಭಾವ ಹೆಚ್ಚು. ಮೈಯಿಂದ ಮೈಗೆ ದಾಟುವವುಗಳ ಮೇಲೆ ಕಡಿಮೆ. ಗೂಡಿನ ಗುಣವನ್ನು ಈ ಭೇದದ ಬೆಳಕಿನಲ್ಲಿ ಅಳೆಯಬೇಕೆಂಬುದು ಲೇಖನದ ವಾದ.

1. ಕಾಕ್ಸಿಡಿಯಾ ಮತ್ತು ಗೂಡಿನ ನೆಲ

ಸಾಕುಮೊಲದಲ್ಲಿ ಕಾಕ್ಸಿಡಿಯಾ ಎಂಬ ಏಕಕೋಶ ಪರೋಪಜೀವಿಗಳ ಪೈಕಿ ಐಮೀರಿಯಾ ಕುಲದ 11 ಪ್ರಭೇದಗಳನ್ನು ಗುರುತಿಸಲಾಗಿದೆ. ಐಮೀರಿಯಾ ಸ್ಟೀಡೇ ಪಿತ್ತನಾಳಗಳಲ್ಲಿ ಬೆಳೆದು ಯಕೃತ್ತನ್ನು ಕೆಡಿಸುತ್ತದೆ, ಉಳಿದವು ಕರುಳಿನವು. ಅವುಗಳಲ್ಲಿ ಐಮೀರಿಯಾ ಇಂಟೆಸ್ಟಿನಾಲಿಸ್ ಮತ್ತು ಐಮೀರಿಯಾ ಫ್ಲಾವೆಸೆನ್ಸ್ ಅತಿ ಅಪಾಯಕಾರಿ. ಹಾಲು ಬಿಡಿಸಿದ ಮರಿಗಳಿಗೇ ಪೆಟ್ಟು ಹೆಚ್ಚು.

ಹಿಕ್ಕೆಯೊಡನೆ ಹೊರಬಿದ್ದ ಊಸಿಸ್ಟ್, ಅಂದರೆ ಪರೋಪಜೀವಿಯ ಮೊಟ್ಟೆಯಂಥ ಘಟ್ಟ, ಆ ಕ್ಷಣಕ್ಕೆ ಸೋಂಕು ತರದು. ಅದು ಮಾಗಲು ಆಮ್ಲಜನಕ, ತೇವ ಮತ್ತು ಹದವಾದ ಉಷ್ಣತೆ ಬೇಕು. ಇವು ಕೂಡಿಬಂದರೆ ಕೆಲವೇ ದಿನ ಸಾಕು. ಮೊಲ ತನ್ನ ಮೆತ್ತನೆಯ ಹಿಕ್ಕೆಯನ್ನು ಗುದದ್ವಾರದಿಂದಲೇ ಬಾಯಿಗೆ ತೆಗೆದುಕೊಳ್ಳುತ್ತದೆ. ಕಾಕ್ಸಿಡಿಯಾ ಹರಡುವುದು ಇದರಿಂದಲೇ ಎಂಬ ಶಂಕೆ ಸಹಜ. ಆದರೆ ಆ ಹಿಕ್ಕೆಯಲ್ಲಿರುವ ಊಸಿಸ್ಟ್‌ಗಳು ಇನ್ನೂ ಮಾಗಿರುವುದಿಲ್ಲ. ಸೋಂಕಿನ ಮೂಲ ನೆಲದಲ್ಲೇ ಉಳಿದು ಮೇವು, ನೀರು, ತುಪ್ಪಳಕ್ಕೆ ತಾಗುವ ಹಳೆಯ ಹಿಕ್ಕೆ.

ತಂತಿ ಜಾಲರಿಯ ನೆಲಕ್ಕಿರುವ ಮೇಲುಗೈಗೆ ಇದೇ ಕಾರಣ: ಹಿಕ್ಕೆ ಮಾಗುವ ಮೊದಲೇ ಕೆಳಗೆ ಬೀಳುತ್ತದೆ. ಮೊಲ ಮೂತ್ರ ಮಾಡುವ ಮೂಲೆಯಲ್ಲಿ ಮಾತ್ರ ಉದುರಿದ ತುಪ್ಪಳ ನೆನೆದು ಜಾಲರಿಯ ಕಣ್ಣುಗಳಿಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಹಿಕ್ಕೆ ನಿಂತರೆ ಆ ಅಂಗೈಯಗಲದ ಜಾಗ ಗಟ್ಟಿ ನೆಲವೇ ಸರಿ. ಮರಿಹಾಕುವ ಪೆಟ್ಟಿಗೆಯೂ ಹಾಗೆಯೇ. ಹುಲ್ಲು ಹಾಸಿದ ಅದರ ತಳ ತೇವವನ್ನು ಹಿಡಿದಿಡುತ್ತದೆ. ತಾಯಿಮೊಲ ಅಲ್ಲಿ ಬಿಟ್ಟ ಗಟ್ಟಿ ಹಿಕ್ಕೆಯನ್ನು ಮರಿಗಳು ಮೆಲ್ಲುತ್ತವೆ.

ಸಾಮಾನ್ಯ ಸೋಂಕುನಿವಾರಕಗಳಿಗೆ ಊಸಿಸ್ಟ್ ಜಗ್ಗದು. ಬಿಸಿ ಹಬೆ ಮತ್ತು ಪೂರ್ಣ ಒಣಗುವಿಕೆ ಅದನ್ನು ಕೊಲ್ಲಬಲ್ಲವು. ಆದ್ದರಿಂದ ತೊಳೆದು ಒಣಗಿಸದೆ ಬಿಡುವುದು ಪರೋಪಜೀವಿಗೇ ಅನುಕೂಲ. ಮಲೆನಾಡು, ಕರಾವಳಿಗಳ ಮಳೆಗಾಲದಲ್ಲಿ ಮೊಲ ಸಾಕುವವರು ಒಂದರ ಬದಲಿಗೆ ಎರಡು ಜೊತೆ ಪೆಟ್ಟಿಗೆಗಳನ್ನಿಟ್ಟು, ಒಂದು ಒಣಗುವವರೆಗೆ ಇನ್ನೊಂದನ್ನು ಬಳಸುವುದು ಲೇಸು.

2. ನೆಲ ತಡೆಯಲಾರದವು

ಕಿವಿಕಜ್ಜಿ ತರುವ ಸೊರಾಪ್ಟೀಸ್ ಕುನಿಕುಲಿ ನುಸಿ ಇಡೀ ಜೀವನವನ್ನು ಮೊಲದ ಮೈಮೇಲೆಯೇ ಕಳೆಯುತ್ತದೆ. ಕಿವಿಯೊಳಗೆ ಪದರುಪದರಾಗಿ ಕಟ್ಟುವ ಕಂದು ಹಕ್ಕಳೆ ಉದುರಿದರೆ ಅದರೊಡನೆ ನುಸಿಯೂ ಉದುರಿ ಕೆಲಕಾಲ ಬದುಕಿರುತ್ತದೆ. ಇಲ್ಲಿ ಜಾಲರಿಗಿಂತ ಒಂದು ಗೂಡಿನಲ್ಲಿ ಎಷ್ಟು ಮೊಲಗಳಿವೆ, ಹೊಸದನ್ನು ಪ್ರತ್ಯೇಕವಾಗಿಟ್ಟು ನೋಡಿದರೇ ಎಂಬುದೇ ಮುಖ್ಯ. ಟೀನಿಯಾ ಪಿಸಿಫಾರ್ಮಿಸ್ ಎಂಬ ಲಾಡಿಹುಳುವಿನ ಮೊಟ್ಟೆ ನಾಯಿಯ ಮಲದಿಂದ ಮೇವಿಗೆ ಸೇರುತ್ತದೆ. ಅದಕ್ಕೆ ಮದ್ದು ಗೂಡಿನ ನೆಲವಲ್ಲ. ಮೇವಿನ ಕೊಟ್ಟಿಗೆಯ ಬಾಗಿಲು.

3. ಪಂಜರದ ಚರ್ಚೆ

ಪಂಜರ ಸಾಕಣೆಯ ವಿರುದ್ಧ ಯುರೋಪಿನಲ್ಲಿ ಸುಮಾರು 14 ಲಕ್ಷ ನಾಗರಿಕರು ಸಹಿಮಾಡಿದ ಮನವಿಗೆ 2021ರಲ್ಲಿ ಯುರೋಪಿಯನ್ ಆಯೋಗ ಸಮ್ಮತಿಸಿ, ಪಂಜರಗಳನ್ನು ಹಂತಹಂತವಾಗಿ ಕೈಬಿಡುವ ಪ್ರಸ್ತಾವದ ಭರವಸೆ ನೀಡಿತು. ತಂತಿಯ ಮೇಲೆ ನಿಂತು ಹಿಂಗಾಲಿನ ಅಡಿ ಹುಣ್ಣಾಗುವುದು, ನೆಗೆಯಲು ಜಾಗವಿಲ್ಲದಿರುವುದು ನಿಜ. ಹುಲ್ಲುಹಾಸು ಆ ತೊಂದರೆಯನ್ನು ತಗ್ಗಿಸಿ ಕಾಕ್ಸಿಡಿಯಾವನ್ನು ಹತ್ತಿರಕ್ಕೆ ತರುತ್ತದೆ. ರಂಧ್ರಗಳಿರುವ ಪ್ಲಾಸ್ಟಿಕ್ ನೆಲ ಇವೆರಡರ ನಡುವಿನ ದಾರಿ. ಆದರೆ ಅಗಲ ಪಟ್ಟಿಗಳ ಮೇಲೆ ಹಿಕ್ಕೆ ನಿಲ್ಲಬಲ್ಲದು.

ಆದ್ದರಿಂದ ತಂತಿಯೋ ಹುಲ್ಲೋ ಎಂಬ ಪ್ರಶ್ನೆ ಅಪೂರ್ಣ. ಹಿಕ್ಕೆ ಮೊಲದ ಬಾಯಿಗೆಟುಕುವಂತೆ ಉಳಿಯುವ ಅವಧಿ ಊಸಿಸ್ಟ್ ಮಾಗುವ ಅವಧಿಗಿಂತ ಕಡಿಮೆಯಿದೆಯೇ ಎಂಬುದೇ ಅಳತೆಗೋಲಾಗಬೇಕು. ವಿಶಾಲ ಅಂಕಣವೂ ಈ ಪರೀಕ್ಷೆಯಲ್ಲಿ ಗೆಲ್ಲಬಹುದು. ಅದಕ್ಕೆ ತೆರಬೇಕಾದ ಬೆಲೆ ದಿನನಿತ್ಯದ ದುಡಿಮೆ.